ಗಂಜಿ ಮೊದಲೋ, ಜಪ ಮೊದಲೋ

ಗೋವಾದ ಸಾಂಕ್ವಾಳದಲ್ಲಿ, ಜುವಾರಿ ನದಿಗೆ ಹತ್ತಿರ, ಆರೋಗ್ಯಮಾತೆಯ ಹಳೆಯ ಇಗರ್ಜಿಯ ಮುಂಗೋಡೆಯೊಂದೇ ನಿಂತಿದೆ. ಉಳಿದದ್ದೆಲ್ಲ 1834ರ ಬೆಂಕಿಗೆ ಹೋಯಿತು. ಅಲ್ಲೇ ಸಂತ ಜೋಸೆಫ್ ವಾಜ್ ಅವರ ಪುಣ್ಯಕ್ಷೇತ್ರ. ಅವರ ಹಬ್ಬ ಜನವರಿ 16ಕ್ಕೆ; ಅದಕ್ಕೆ ಮುಂಚಿನ ಒಂಬತ್ತು ದಿನ ನೊವೇನ ಪ್ರಾರ್ಥನೆ. ಅಂಥದೊಂದು ಸಂಜೆ ಬಲಿಪೂಜೆ ಮುಗಿದ ಮೇಲೆ ಇಬ್ಬರು ಕನ್ನಡದಲ್ಲಿ ಮಾತಿಗೆ ಕೂತರು. ಒಬ್ಬರು ಮಂಗಳೂರು ಕಡೆಯ ನಿವೃತ್ತ ಮೇಷ್ಟ್ರು, ಕಥೋಲಿಕರು, ವಾಸ್ಕೋದಲ್ಲಿ ಮಗನ ಮನೆಯಲ್ಲಿರುವವರು. ಇನ್ನೊಬ್ಬಳು ಗದಗ-ಬೆಟಗೇರಿಯ ನರ್ಸ್. ಬಾಸೆಲ್ ಮಿಷನ್‌ನ ಪ್ರೊಟೆಸ್ಟಂಟ್ ಮನೆತನದವಳು, ಸಂತರಿಗೆ ಮೇಣದಬತ್ತಿ ಹಚ್ಚಿ ರೂಢಿಯಿಲ್ಲದವಳು. ಜುವಾರಿನಗರದ ನೆರೆಮನೆಯ ಅಜ್ಜಿಗೆ ಜೊತೆಯಾಗಿ ಬಂದಿದ್ದಳು.

ನರ್ಸ್: ಸರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮುಂದ ಒಬ್ಬಾಕಿ ಕೂತಿದ್ಲು. ಹೋದ ತಿಂಗಳ ಆಕಿ ಗಂಡ ತೀರಿಕೊಂಡಾನ. ಎಲ್ಲಾರೂ ಸ್ತೋತ್ರ ಹೇಳುವಾಗ ಆಕಿನೂ ಕೈ ಎತ್ತಿ ಹೇಳಿದ್ಲು. ಯಾತರ ಸ್ತೋತ್ರ ರೀ ಅದು?

ಮೇಷ್ಟ್ರು: ಗಂಡ ಸತ್ತದ್ದಕ್ಕೆ ಸ್ತೋತ್ರ ಹೇಳಿದಳು ಅಂತ ನಿನಗೆ ಅನ್ನಿಸಿತಾ? ಗಂಡ ಸತ್ತ ಮೇಲೂ ಹೇಳಿದಳು. ಎರಡಕ್ಕೂ ವ್ಯತ್ಯಾಸ ಇದೆ ಮಾರಾಯ್ತಿ.

ನರ್ಸ್: ಆ ವ್ಯತ್ಯಾಸ ಆಕಿಗೆ ಯಾರರ ಹೇಳ್ಯಾರೇನು? ನಾ ಕೇಳಿದ್ದು ಬ್ಯಾರೆ. ‘ದೇವರು ತನಗ ಬೇಕಾದವರನ್ನೇ ಪರೀಕ್ಷೆ ಮಾಡ್ತಾನ, ಅಳಬ್ಯಾಡ, ಸ್ತೋತ್ರ ಹೇಳು’ ಅಂತ ಬಾಜೂಕ ಕೂತಾಕಿ ಕಿವ್ಯಾಗ ಹೇಳ್ತಿದ್ಲು. ಹೊಡತ ತಿಂದವರ ಕಡಿಂದನ ಹೊಡದವನಿಗೆ ಹೊಗಳಿಕಿ ಹೇಳಸೂದು ನನಗ ಸರಿ ಅನಸಂಗಿಲ್ಲ.

ಮೇಷ್ಟ್ರು: ಹೊಡೆದವನು ದೇವರೇ ಅಂತ ತೀರ್ಮಾನ ಮಾಡಿದ್ದು ಆ ಪಕ್ಕದ ಹೆಂಗಸು. ಧರ್ಮಸಭೆ ಹಾಗೆ ಹೇಳುವುದಿಲ್ಲ. ನೀನು ಈಗ ಯಾರ ಜಾಗದಲ್ಲಿ ಕೂತಿದ್ದೀಯೋ ಆ ಮನುಷ್ಯನನ್ನೇ ನೋಡು. ವಾಜ್ ಪಾದ್ರಿ 1651ರಲ್ಲಿ ಇಲ್ಲೇ ಬಾಣಾವ್ಲಿಯಲ್ಲಿ ಹುಟ್ಟಿದವರು. 1681ರಲ್ಲಿ ನಮ್ಮ ಕೆನರಾಕ್ಕೆ ಬಂದು ಮಂಗಳೂರು ಸೀಮೆಯಲ್ಲಿ ಮೂರು ವರ್ಷ ತಿರುಗಿದರು. ಮುಡಿಪು ಗುಡ್ಡದಲ್ಲಿ ಇವತ್ತಿಗೂ ಅವರ ಹೆಸರಿನ ಕ್ಷೇತ್ರ ಇದೆ. ಆಮೇಲೆ 1687ರಲ್ಲಿ ಸಿಲೋನಿಗೆ ಹೋದರು. ಅಲ್ಲಿಯ ಕರಾವಳಿಯಲ್ಲಿ ಡಚ್ಚರ ಆಳ್ವಿಕೆ. ಕಥೋಲಿಕ ಪಾದ್ರಿಗಳು ಕಾಲಿಡುವ ಹಾಗಿಲ್ಲ. ಈ ಮನುಷ್ಯ ಭಿಕ್ಷುಕನ ವೇಷದಲ್ಲಿ ಒಳಹೊಕ್ಕರು. ಹೋದೊಡನೆ ಆಮಶಂಕೆ ಹಿಡಿದು ಸಾಯುವ ಹಾಗಾದರು. ಚೇತರಿಸಿಕೊಂಡು ಕೊರಳಿಗೆ ಜಪಸರ ಹಾಕಿಕೊಂಡು ಜಾಫ್ನಾದ ಮನೆ ಮನೆ ಮುಂದೆ ಬೇಡುತ್ತಾ ನಿಂತರು. ಸರ ನೋಡಿ ಯಾರ ಮುಖ ಬದಲಾಗುತ್ತದೋ ಅವರು ನಮ್ಮವರು ಅನ್ನುವ ಲೆಕ್ಕ. 1692ರಲ್ಲಿ ಸಿಂಹಳ ರಾಜನ ಕ್ಯಾಂಡಿಗೆ ಹೋದರೆ ಪೋರ್ಚುಗೀಸರ ಗೂಢಚಾರ ಅಂತ ಸೆರೆಗೆ ಹಾಕಿದರು. ಸೆರೆಯಲ್ಲೇ ಸಿಂಹಳ ಕಲಿತರು, ಅಲ್ಲೇ ಪೂಜೆ ಮಾಡಿದರು. ಇದರಲ್ಲಿ ಹೊಡೆದವನಿಗೆ ಹೊಗಳಿಕೆ ಎಲ್ಲಿದೆ?

ನರ್ಸ್: ಕತಿ ಛಲೋ ಐತ್ರಿ. ಆದ್ರ ಅವರು ತಾವಾಗೇ ಹೋದವರು. ಬಾಣಾವ್ಲಿಯೊಳಗ ಆರಾಮ ಇರಬಹುದಿತ್ತು. ಕಷ್ಟನ ಹುಡಿಕ್ಕೊಂಡು ಹೋದವರಿಗೆ ಕಷ್ಟದಾಗ ಹಾಡೂದು ಸುಲಭ ಅಂತ ನಾ ಅನ್ನಂಗಿಲ್ಲ, ಖರೆ ಅದು ಬ್ಯಾರೆ ಹಾಡು. 2021ರ ಮೇ ತಿಂಗಳಾಗ ನನ್ನ ಕೋವಿಡ್ ವಾರ್ಡಿನಾಗ ಇದ್ದವರು ಯಾರೂ ಹೋಗಬೇಕಂತ ಹೋದವರಲ್ಲ. ಒಬ್ಬ ಹುಡುಗ, ಹಡಗಿನ ಮ್ಯಾಲೆ ಅಡಿಗಿ ಕೆಲಸ, ರಜಾಕ್ಕ ಮನಿಗೆ ಬಂದಿದ್ದ. ಅವನ ಅವ್ವ ಫೋನಿನಾಗ ಕೊಂಕಣಿಯೊಳಗ ಜಪಸರ ಹೇಳ್ತಿದ್ಲು. ನಾನು ಎರಡು ಗ್ಲೋವ್ಸ್ ಹಾಕ್ಕೊಂಡು ಫೋನು ಅವನ ಕಿವಿಗೆ ಹಿಡಕೊಂಡು ನಿಂತಿದ್ದೆ. ಪಿಪಿಇ ಒಳಗ ಬೆವರು ಕಣ್ಣಿಗೆ ಇಳೀತಿತ್ತು, ಒರಸಿಕೊಳ್ಳಾಕ ಬರಂಗಿಲ್ಲ. ಜಪ ಅರ್ಧಕ್ಕ ಬಂದಿತ್ತು, ಹುಡುಗ ಹೋದ. ಆಕಿಗೆ ಗೊತ್ತಿಲ್ಲ, ಹೇಳಕೋತ ಇದ್ಲು. ನಾ ನಿಲ್ಲಸಲಿಲ್ಲ. ಪೂರಾ ಮುಗಿಸಿದ್ಲು. ಆಮ್ಯಾಲೆ ಹೇಳಿದೆ.

ಮೇಷ್ಟ್ರು: ಯಾಕೆ ನಿಲ್ಲಿಸಲಿಲ್ಲ?

ನರ್ಸ್: ಗೊತ್ತಿಲ್ರಿ. ಅದರಿಂದ ನೀವು ಏನರ ಅರ್ಥ ತಗೀಬ್ಯಾಡ್ರಿ. ನಿಲ್ಲಸಾಕ ಬಾಯಿ ಬರಲಿಲ್ಲ, ಅಷ್ಟ. ಅವತ್ತಿನಿಂದ ನಾ ಚರ್ಚಿನಾಗ ಹಾಡಿಲ್ಲ.

ಮೇಷ್ಟ್ರು: ಅರ್ಥ ತೆಗೆಯುವುದಿಲ್ಲ. ಆದರೆ ತಾವಾಗಿ ಆರಿಸಿಕೊಳ್ಳದ ಕಷ್ಟ ಅಂದೆಯಲ್ಲ, ಅದರ ಮಾತು ನಮ್ಮ ಮನೆತನಗಳಲ್ಲೂ ಇದೆ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರು ಅನ್ನುವ ಆರೋಪದ ಮೇಲೆ, ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟು ಜನ ಅನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ; ಸಾವಿರಾರು ಅನ್ನುವುದರಲ್ಲಿ ಸಂಶಯವೂ ಇಲ್ಲ. ಹೆಚ್ಚಿನವರ ಪೂರ್ವಿಕರು ಗೋವಾದಿಂದಲೇ ಹೋದವರು. ಘಟ್ಟ ಹತ್ತುವಾಗಲೇ ಎಷ್ಟೋ ಮಂದಿ ಸತ್ತರು. ಪಾದ್ರಿಗಳನ್ನು ಗಡೀಪಾರು ಮಾಡಿದ್ದರು. ಅವರಲ್ಲೊಬ್ಬರು ಫರಂಗಿಪೇಟೆಯ ಮೊಂತೆ ಮರಿಯಾನೊದ ಜೋಕಿಂ ಮಿರಾಂಡಾ, ಗೋವಾದವರು. ಯೇಸು ಗೆತ್ಸೆಮನೆ ತೋಟದಲ್ಲಿ ಬೆವರಿದ ರಾತ್ರಿಯ ಬಗ್ಗೆ ಅವರು ಕಟ್ಟಿದ ಕೊಂಕಣಿ ಹಾಡನ್ನು ತಪಸ್ಸುಕಾಲದಲ್ಲಿ ನಾವು ಈಗಲೂ ಹಾಡುತ್ತೇವೆ. ಸೆರೆಯಾದವರಿಗೆ ಪಾದ್ರಿಯಿಲ್ಲ, ಪೂಜೆಯಿಲ್ಲ, ಇಗರ್ಜಿಯಿಲ್ಲ, ಬಾಯಿಪಾಠದ ಪ್ರಾರ್ಥನೆಯಷ್ಟೇ. 1799ರಲ್ಲಿ ಬಿಡುಗಡೆಯಾಗಿ ವಾಪಸು ಬಂದವರು ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಅವರು ಯಾರೂ ಕಷ್ಟವನ್ನು ಹುಡುಕಿಕೊಂಡು ಹೋದವರಲ್ಲ.

ನರ್ಸ್: ವಾಪಸು ಬಂದವರು ಕಟ್ಟಿದ್ರು. ಬರದವರು? ಹಾದ್ಯಾಗ ಕೂಸು ಕಳಕೊಂಡು ‘ಸಾಕಪ್ಪ ನಿನ್ನ ಸಹವಾಸ’ ಅಂದವರು? ಅವರ ಕತಿ ಯಾವ ಪ್ರಸಂಗದಾಗ ಬರತೈತ್ರಿ? ಉಳಿದವರ ಸಾಕ್ಷಿ ಕೇಳಿ ‘ಭಕ್ತಿ ಉಳಸ್ತು’ ಅಂತೀರಿ. ಅಳಿದವರೂ ಅದೇ ಪ್ರಾರ್ಥನಿ ಮಾಡಿರತಾರ.

ಮೇಷ್ಟ್ರು: ಭಕ್ತಿ ಜೀವ ಉಳಿಸಿತು ಅಂತ ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಹಳೇ ಗೋವಾ ನನ್ನ ಬಾಯಿ ಮುಚ್ಚಿಸುತ್ತದೆ.

ನರ್ಸ್: ನಾ ಅದನ್ನ ಹೇಳಾಕ ಬಂದಿದ್ದೆ. ಅಷ್ಟು ಇಗರ್ಜಿ, ಅಷ್ಟು ಗಂಟಿ, 1605ರಿಂದ ಬೊಂ ಜೆಜು ಇಗರ್ಜಿ, ಒಳಗ ಫ್ರಾನ್ಸಿಸ್ ಜೇವಿಯರರ ದೇಹ. ಆದ್ರೂ ಊರು ಮಲೇರಿಯಾ, ಕಾಲರಾಕ್ಕ ಖಾಲಿ ಆತು. 1759ರಾಗ ವೈಸರಾಯ್ ಪಣಜಿಗೆ ಹೋದ, 1843ರಾಗ ರಾಜಧಾನಿನೂ ಹೋತು. ಮಂದಿ ಪ್ರಾರ್ಥನಿ ಕಡಿಮಿ ಮಾಡಿದ್ರಂತಲ್ಲ, ಬಾವಿ ನೀರು ಹೊಲಸಾಗಿತ್ತಂತ. ನನ್ನ ಜಗಳ ಇಷ್ಟ: ಬಾವಿ ಸ್ವಚ್ಛ ಮಾಡಬೇಕಾದ ಹೊತ್ತಿನಾಗ ಮೊಣಕಾಲೂರಿದ್ರ, ಆ ಭಕ್ತಿ ರೋಗದ ಕಡೆ ನಿಂತಂಗ.

ಮೇಷ್ಟ್ರು: ಮೊಣಕಾಲೂರಿದವನು ಎದ್ದು ಏನು ಮಾಡಿದ ಅಂತಲೂ ನೋಡಬೇಕಲ್ಲ. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ರಾಜ ಊರು ಬಿಟ್ಟ. ಮನೆಯವರೇ ರೋಗಿಗಳನ್ನು ಕಾಡಿಗೆ ಹಾಕಿ ಓಡಿದರು. ವಾಜ್ ಮತ್ತು ಅವರ ಸೋದರಳಿಯ, ಕಾರ್ವಾಲೊ ಪಾದ್ರಿ, ಊರಲ್ಲೇ ನಿಂತರು. ಬಿಟ್ಟುಹೋದ ರೋಗಿಗಳನ್ನು ಒಂದೆಡೆ ತಂದು ಮಲಗಿಸಿದರು. ಗಂಜಿ ಕೊಟ್ಟರು, ಗಾಯ ತೊಳೆದರು, ಸತ್ತವರಿಗೆ ಗುಂಡಿ ತೋಡಿದರು. ಬೌದ್ಧನಾ, ಕ್ರೈಸ್ತನಾ ಅಂತ ಕೇಳಲಿಲ್ಲ. ನೀನು ಮಾಡಿದ ಕೆಲಸವೇ, ಪಿಪಿಇ ಇಲ್ಲದೆ. ಆ ಕೈಗಳಿಗೆ ಬಲ ಎಲ್ಲಿಂದ ಬಂತು ಅಂತ ಕೇಳಿದರೆ ಅವರು ಪೂಜೆಯ ಕಡೆ ಬೆರಳು ತೋರಿಸುತ್ತಿದ್ದರು.

ನರ್ಸ್: ನನ್ನ ಜೋಡಿ ಡ್ಯೂಟಿ ಮಾಡಿದಾಕಿ ಒಬ್ಬಾಕಿ ದೇವರನ್ನ ನಂಬಂಗಿಲ್ಲ. ಆಕಿ ಕೈಯಾಗೂ ಅಷ್ಟ ಬಲ ಇತ್ತು.

ಮೇಷ್ಟ್ರು: ಇರಲಿ. ಇದ್ದದ್ದು ಒಳ್ಳೆಯದೇ ಆಯಿತು. ಭಕ್ತಿಯಿಲ್ಲದವರ ಕೈಗೆ ಬಲ ಇರುವುದಿಲ್ಲ ಅಂತ ಹೇಳುವಷ್ಟು ದಡ್ಡ ನಾನಲ್ಲ.

ನರ್ಸ್: ಇನ್ನೊಂದು ಐತ್ರಿ. ಕಷ್ಟದಾಗ ದೇವರನ್ನ ಬಿಡದಿರೂದು ಕ್ರೈಸ್ತರ ಸ್ವತ್ತು ಅನ್ನೂ ಹಂಗ ಮಾತಾಡ್ತೀವಿ. ಇಲ್ಲೇ ಪಕ್ಕದ ಕುಠ್ಠಾಳಿಯಿಂದ 1560ರಾಗ ಮಂಗೇಶನ ಲಿಂಗ ಹೊತಗೊಂಡು ನದಿ ದಾಟಿ ಪ್ರಿಯೋಳಕ್ಕ ಹೋದ್ರು. ಕೇಳಶಿಯಿಂದ ಶಾಂತಾದುರ್ಗಾನ ಕವಳೆಕ್ಕ ಒಯ್ದ್ರು. ಅವರಿಗೆ ಕಷ್ಟ ಕೊಟ್ಟವರು ಯಾರು? ಅದೇ 1560ರಾಗ ಇಲ್ಲೆ ಪೋರ್ಚುಗೀಸರ ಇನ್‌ಕ್ವಿಸಿಷನ್, ಅಂದ್ರ ಧರ್ಮದ ವಿಚಾರಣಾ ಕೋರ್ಟು, ಶುರುವಾತು, 1812ರ ತನಕ ಇತ್ತು. ನಿಮ್ಮ ಕೆನರಾಕ್ಕ ಹೋದ ಪೂರ್ವಿಕರೊಳಗ ಎಷ್ಟು ಮಂದಿ ಅದಕ್ಕ ಹೆದರಿ ಓಡಿದವರು?

ಮೇಷ್ಟ್ರು: ಕೆಲವರು ಅದಕ್ಕೆ, ಕೆಲವರು ಕ್ಷಾಮಕ್ಕೆ, ಕೆಲವರು ಮರಾಠರ ದಾಳಿಗೆ, ಕೆಲವರು ತೆರಿಗೆಗೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಪಣಜಿಯ ಫೊಂತೈನ್ಯಾಸ್‌ನಲ್ಲಿ ಸಂತ ಸೆಬಾಸ್ಟಿಯನ್ನರ ಸಣ್ಣ ಪ್ರಾರ್ಥನಾಲಯ ಇದೆ. ಅಲ್ಲಿಯ ಶಿಲುಬೆಯನ್ನು ನೋಡಿದ್ದೀಯಾ?

ನರ್ಸ್: ಇಲ್ರಿ.

ಮೇಷ್ಟ್ರು: ಒಮ್ಮೆ ನೋಡು. ಶಿಲುಬೆಯ ಮೇಲಿನ ಯೇಸು ಸಾಮಾನ್ಯವಾಗಿ ತಲೆ ಬಾಗಿಸಿರುತ್ತಾನೆ, ಕಣ್ಣು ಮುಚ್ಚಿರುತ್ತದೆ. ಇಲ್ಲಿ ಹಾಗಲ್ಲ. ತಲೆ ನೆಟ್ಟಗಿದೆ, ಎರಡೂ ಕಣ್ಣು ತೆರೆದಿವೆ, ಎದುರಿಗೆ ನಿಂತವನನ್ನೇ ನೋಡುತ್ತಿರುತ್ತವೆ. ಹಳೇ ಗೋವಾದ ಇನ್‌ಕ್ವಿಸಿಷನ್ ಅರಮನೆಯಲ್ಲಿ ಇದ್ದ ಶಿಲುಬೆ ಅದು. ಆಪಾದಿತರಿಗೆ ಭಯ ಹುಟ್ಟಲಿ ಅಂತ ಹಾಗೆ ಮಾಡಿಸಿದರು ಅನ್ನುತ್ತಾರೆ. ಆಮೇಲೆ ಪಣಜಿಯ ಅರಮನೆಗೆ ಬಂತು, 1918ರಲ್ಲಿ ಈ ಪ್ರಾರ್ಥನಾಲಯಕ್ಕೆ. ಈಗ ಕೇರಿಯ ಹೆಂಗಸರು ಸಂತೆಚೀಲ ಕಾಲಬುಡದಲ್ಲಿಟ್ಟು ಅದರ ಮುಂದೆ ಪ್ರಾರ್ಥಿಸುತ್ತಾರೆ. ಅದೇ ಕಣ್ಣುಗಳು ಒಂದು ಕಾಲದಲ್ಲಿ ಹೆದರಿಸುವವರ ಪಕ್ಷ, ಈಗ ಹೆದರಿದವರ ಪಕ್ಷ. ನನಗೆ ಅದನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ: ದೇವರ ಹೆಸರಿನಲ್ಲಿ ಯಾರು ಯಾರಿಗೆ ಕಷ್ಟ ಕೊಟ್ಟರು ಅನ್ನುವ ಲೆಕ್ಕ ಇಡದೆ ಕಷ್ಟದಲ್ಲಿ ಆರಾಧನೆ ಅನ್ನುವ ಮಾತಾಡಬಾರದು.

ನರ್ಸ್: ಇದನ್ನ ಒಪ್ಪತೀನಿ. ಆದ್ರ ನೀವು ಅದನ್ನ ನೋಡಿ ಮೊಣಕಾಲೂರತೀರಿ. ನಾ ನೋಡಿದ್ರ ಹೊರಗ ಬರತೀನಿ. ಇಬ್ಬರೂ ಅದೇ ಕಣ್ಣು ನೋಡಿರತೀವಿ.

ಮೇಷ್ಟ್ರು: ಹೊರಗೆ ಬಂದು ಬೈಯುತ್ತೀಯಾ?

ನರ್ಸ್: ಬೈತೀನಿ.

ಮೇಷ್ಟ್ರು: ಹಾಗಾದರೆ ನೀನು ಬೈಬಲಿನ ಒಳಗೇ ಇದ್ದೀಯ. ಯೋಬ ಏನು ಮಾಡಿದ? ಹುಟ್ಟಿದ ದಿನಕ್ಕೇ ಶಾಪ ಹಾಕಿದ, ದೇವರನ್ನು ಕಟಕಟೆಗೆ ಕರೆದ. ಸಮಾಧಾನ ಹೇಳಲು ಬಂದ ಮೂವರು ಸ್ನೇಹಿತರು ‘ನಿನ್ನದೇ ಏನೋ ತಪ್ಪಿರಬೇಕು’ ಅಂದರು. ಕೊನೆಯಲ್ಲಿ ದೇವರು ಬೈದದ್ದು ಆ ಸ್ನೇಹಿತರನ್ನು. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ ಅಂದುಬಿಟ್ಟ. ನಿನ್ನ ಮುಂದೆ ಕೂತಿದ್ದವಳ ಕಿವಿಯಲ್ಲಿ ಪಿಸುಗುಟ್ಟಿದಳಲ್ಲ, ಅವಳು ಆ ಮೂವರ ವಂಶ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ದೂರು, ಗೋಳು. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಆರಾಧನೆಯ ಪುಸ್ತಕದಲ್ಲಿಯೇ ಇಟ್ಟಿದ್ದಾರೆ, ಯಾರೂ ಕಿತ್ತು ಬಿಸಾಡಿಲ್ಲ.

ನರ್ಸ್: ಪುಸ್ತಕದಾಗ ಇಟ್ಟಾರ, ಬಾಯಾಗ ಇಟ್ಟಿಲ್ಲ. ನಮ್ಮ ಚರ್ಚಿನಾಗ ಸಣ್ಣಕಿ ಇದ್ದಾಗಿಂದ ಹಾಡೀನಿ. 88ನೇ ಕೀರ್ತನಿ ಹಾಡಿದ ನೆನಪ ಇಲ್ಲ. ಎಲ್ಲಾ ಹಲ್ಲೆಲೂಯ. ಈಗ ಗಿಟಾರು, ಡ್ರಮ್ಮು ಬ್ಯಾರೆ. ದುಃಖದಾಗಿದ್ದವರು ಅಲ್ಲಿ ನಿಂತ್ರ ತಾವೇ ಏನೋ ತಪ್ಪು ಮಾಡೀವಿ ಅನಸ್ತೈತಿ.

ಮೇಷ್ಟ್ರು: ಇಲ್ಲಿಯ ಶುಭ ಶುಕ್ರವಾರಕ್ಕೆ ಬಾ. ಪವಿತ್ರ ಗುರುವಾರ ಸಂಜೆಯಿಂದ ಗಂಟೆ ಬಾರಿಸುವುದಿಲ್ಲ. ಗಂಟೆಯ ಬದಲು ಮತ್ರಾಕ್. ಮರದ ಹಲಗೆ, ಅದಕ್ಕೆ ಬಡಿಯುವ ಕಬ್ಬಿಣದ ಹಿಡಿ. ಕಿವಿಗೆ ಚೂರೂ ಇಂಪಿಲ್ಲ, ಕಟಕಟಕಟ ಅಷ್ಟೇ. ಪೀಠದ ಮೇಲೆ ಹೂವಿಲ್ಲ, ವಸ್ತ್ರವಿಲ್ಲ. ಎಷ್ಟೋ ಊರುಗಳಲ್ಲಿ ಶಿಲುಬೆಯಿಂದ ಯೇಸುವಿನ ಮೂರ್ತಿಯನ್ನು ಇಳಿಸುತ್ತಾರೆ. ಮೂರ್ತಿಯ ಭುಜಕ್ಕೆ ಕೀಲು ಇರುತ್ತದೆ. ಮೊಳೆ ಕಿತ್ತೊಡನೆ ಕೈ ಜೋತು ಬೀಳುತ್ತದೆ. ಅದನ್ನು ಹೆಗಲ ಮೇಲೆ ಹೊತ್ತು ಊರು ಸುತ್ತುವವರು ಗಲ್ಫಿನಿಂದ, ಹಡಗಿನಿಂದ ರಜೆಯ ಮೇಲೆ ಬಂದ ಗಂಡಸರು. ಆ ದಿನ ಯಾರೂ ಯಾರಿಗೂ ನಗು ಅಂತ ಹೇಳುವುದಿಲ್ಲ. ವರ್ಷಕ್ಕೆ ಒಮ್ಮೆಯಾದರೂ ಊರಿಗೆ ಊರೇ ಅಳಲು ಒಂದು ಜಾಗ ಬೇಕು. ಅದನ್ನು ಆರಾಧನೆ ಅನ್ನದೆ ಏನನ್ನಲಿ?

ನರ್ಸ್: ಮತ್ತ ಮೂರನೇ ದಿನಕ್ಕ ಈಸ್ಟರ್ ಬರತೈತಲ್ರೀ. ಆ ಅಳುವಿಗೆ ಗಡುವು ಐತಿ. ಆ ಹುಡುಗನ ಅವ್ವಗ ಗಡುವು ಇಲ್ಲ.

ಮೇಷ್ಟ್ರು: ...ಇಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನರ್ಸ್: ಸಿಟ್ಟಿಗೆ ಇನ್ನೊಂದು ಕಾರಣ ಹೇಳತೀನಿ. 2004ರ ಜೂನಿನಾಗ ವಾಸ್ಕೋದ ಬೈನಾ ಬೀಚಿನ ಮನಿಗಳನ್ನ ಕೆಡವಿದ್ರು. ಮಳಿಗಾಲ. ನಮ್ಮ ಕಡಿಯವರು ಎಷ್ಟೋ ಮಂದಿ ತಾಡಪತ್ರಿ ಹೊತಗೊಂಡು ಕುಂತಿದ್ರು. ಅಂಥಾವರಿಗೆ ‘ದೇವರು ನೋಡಕೋತಾನ’ ಅಂದ್ರ ಅವರು ಯಾರನ್ನೂ ಕೇಳಂಗಿಲ್ಲ, ಯಾವ ಆಫೀಸಿಗೂ ಹೋಗಂಗಿಲ್ಲ. ದುಡಿಯೂ ಮಂದಿಯ ಸಿಟ್ಟು ಆರಿಸಾಕ ಭಕ್ತಿಯಷ್ಟು ಸೋವಿ ನೀರು ಇನ್ನೊಂದಿಲ್ಲ.

ಮೇಷ್ಟ್ರು: ಆರಿಸುವವರು ಇದ್ದಾರೆ, ಒಪ್ಪಿದೆ. ಆದರೆ ಯೇಸುವಿಗೆ ಮುಂಚಿನ ಪ್ರವಾದಿಗಳನ್ನು ಓದು. ಬಡವರನ್ನು ತುಳಿಯುವವರ ಹಬ್ಬ, ಬಲಿ, ಹಾಡು ನನಗೆ ಬೇಡ ಅಂತ ದೇವರೇ ಹೇಳುವ ಹಾಗೆ ಆಮೋಸ ಬರೆದಿದ್ದಾನೆ. ನ್ಯಾಯ ಕೇಳಲು ಹೋಗುವವನ ಬಾಯಲ್ಲಿ ಪ್ರಾರ್ಥನೆ ಇದ್ದರೆ ಅವನ ಕಾಲು ನಿಧಾನ ಆಗುತ್ತದೆ ಅಂತ ಯಾಕೆ ತಿಳಿಯುತ್ತೀ? ಈಗ ನನ್ನ ಪ್ರಶ್ನೆ. ನೀನು ಆಫೀಸಿಗೆ ಹೋದೆ, ಅರ್ಜಿ ಕೊಟ್ಟೆ, ಜಗಳ ಮಾಡಿದೆ ಅಂತಲೇ ಇಟ್ಟುಕೋ. ಎಲ್ಲ ಮಾಡಿದ ಮೇಲೂ ಆ ಹುಡುಗ ಸತ್ತೇ ಹೋದ. ಸರ್ಕಾರವೂ ಸರಿಮಾಡಲಾಗದ, ಸಂಘವೂ ಸರಿಮಾಡಲಾಗದ ಆ ಭಾಗವನ್ನು ನೀನು ಎಲ್ಲಿ ಇಳಿಸುತ್ತೀ?

ನರ್ಸ್: ಎಲ್ಲೂ ಇಳಸಂಗಿಲ್ಲ. ಹೊತಗೊಂಡು ಮನಿಗೆ ಹೋಗತೀನಿ.

ಮೇಷ್ಟ್ರು: ರಾತ್ರಿ ಮೂರು ಗಂಟೆಗೆ, ವಾರ್ಡಿನಲ್ಲಿ ಒಬ್ಬಳೇ ಇರುವಾಗ?

ನರ್ಸ್: ...ನಮ್ಮಜ್ಜಿ ಕಲಿಸಿದ್ದ ಪ್ರಾರ್ಥನಿ ಬಾಯಿಗೆ ಬರತೈತಿ. ಕನ್ನಡದಾಗ. ನಾ ಕರದಿರಂಗಿಲ್ಲ, ತಾನ ಬರತೈತಿ. ಗೆದ್ದೆ ಅಂತ ನಗಬ್ಯಾಡ್ರಿ. ಅದು ನಂಬಿಕಿ ಅಲ್ಲ, ರೂಢಿ.

ಮೇಷ್ಟ್ರು: ನಗಲಿಲ್ಲ. ನನ್ನದೂ ಅರ್ಧಕ್ಕರ್ಧ ರೂಢಿಯೇ. ನಂಬಿಕೆ ಬತ್ತಿದ ದಿನಗಳಲ್ಲಿ ನನ್ನನ್ನು ಇಗರ್ಜಿಯ ಬೆಂಚಿನವರೆಗೆ ತಂದು ಕೂರಿಸಿದ್ದು ರೂಢಿ.

ನರ್ಸ್: ಕುಡಿಯವನ್ನೂ ಅಂಗಡಿ ತನಕ ರೂಢಿನ ಕರಕೊಂಡು ಹೋಗತೈತ್ರಿ. ರೂಢಿ ಅಂದಕೂಡ್ಲೆ ಛಲೋದು ಆಗಂಗಿಲ್ಲ.

ಮೇಷ್ಟ್ರು: ಸರಿಯಾಗಿ ಹಿಡಿದೆ.

ನರ್ಸ್: ನಿಮ್ಮ ಮನಿಯವರ ಸಲುವಾಗಿ ನೀವೂ ಬೇಡಿಕೊಂಡಿರಬೇಕಲ್ರೀ?

ಮೇಷ್ಟ್ರು: ತುಂಬ. ಇಲ್ಲೇ ಇದೇ ನೊವೇನಕ್ಕೆ ಬಂದಿದ್ದೆ. ಅವಳು ಉಳಿಯಲಿಲ್ಲ.

ನರ್ಸ್: ಕೇಳಿದ್ದು ಸಿಗಲಿಲ್ಲ, ಆದ್ರೂ ಬರತೀರಿ. ಯಾತಕ್ಕ?

ಮೇಷ್ಟ್ರು: ಕೇಳಲು ಬರುವುದಿಲ್ಲ ಈಗ. ವರ್ಷಾಂತಿಕದ ಪೂಜೆಯಲ್ಲಿ ಪಾದ್ರಿ ಅವಳ ಹೆಸರು ಓದುತ್ತಾರೆ. ನವೆಂಬರಿನಲ್ಲಿ ಸತ್ತವರ ಪಟ್ಟಿಯಲ್ಲಿ ಮತ್ತೊಮ್ಮೆ. ಮಗನ ಮನೆಯಲ್ಲಿ ಅವಳ ಹೆಸರು ಹೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಇಲ್ಲಿ ಗಟ್ಟಿಯಾಗಿ ಓದುತ್ತಾರೆ, ಇನ್ನೂರು ಜನ ಆಮೆನ್ ಅನ್ನುತ್ತಾರೆ. ಇದು ದೇವರಿದ್ದಾನೆ ಅನ್ನುವುದಕ್ಕೆ ಸಾಕ್ಷಿಯಲ್ಲ ಅಂತ ನೀನು ಹೇಳುತ್ತೀ. ಅಲ್ಲ. ಆದರೆ ನನಗೆ ಬೇಕು.

ನರ್ಸ್: ನಿಮಗ ಬೇಕು ಅಂದ್ರಲ್ಲ, ಅದಕ್ಕ ನನ್ನ ತಕರಾರಿಲ್ಲ. ನೀವು ನಿಮ್ಮ ನೋವಿನಾಗ ಹಾಡ್ರಿ. ಇನ್ನೊಬ್ಬರ ನೋವಿನಾಗ ಅವರು ಹಾಡಬೇಕಂತ ನಿಮಗ ಹೇಳಾಕ ಬರಂಗಿಲ್ಲ. ಅಷ್ಟ ನನ್ನ ವಾದ.

ಮೇಷ್ಟ್ರು: ಅದಕ್ಕೆ ನನ್ನ ಸಹಿ ಇದೆ. ಆದರೆ ಒಂದು ತಿದ್ದುಪಡಿ: ಹಾಡುವವಳನ್ನು ನೋಡಿ ಮೋಸಹೋಗಿದ್ದಾಳೆ ಅಂತ ನೀನೂ ತೀರ್ಮಾನ ಮಾಡಬೇಡ. ಕೈ ಎತ್ತಿದವಳಿಗೂ ತನ್ನ ಸಂಕಟ ನಿನ್ನಷ್ಟೇ ಗೊತ್ತಿರುತ್ತದೆ.

ನರ್ಸ್: ಅದು ನನಗ ಕಠಿಣ. ಪ್ರಯತ್ನ ಮಾಡತೀನಿ, ಮಾತು ಕೊಡಂಗಿಲ್ಲ.

ಅಜ್ಜಿ ಕರೆದಳೆಂದು ನರ್ಸ್ ಎದ್ದಳು. ಮೇಷ್ಟ್ರು ನಂಬಿಕೆ ಬಿಡಲಿಲ್ಲ, ಅವಳು ಪ್ರಶ್ನೆ ಬಿಡಲಿಲ್ಲ. ಕಷ್ಟದಲ್ಲಿ ದೇವರನ್ನು ಆರಾಧಿಸಬೇಕೇ ಎಂಬ ಪ್ರಶ್ನೆಗೆ ಇಂಥ ಇಬ್ಬರು ಒಂದೇ ಉತ್ತರ ಕೊಡಲಾರರು, ಕೊಡಬೇಕಾಗಿಯೂ ಇಲ್ಲ. ಅದನ್ನು ಆರಿಸಿಕೊಳ್ಳುವ ಹಕ್ಕು ಕಷ್ಟದಲ್ಲಿರುವವರದು. ಉಳಿದ ನಮಗೆ ಅವರಿಬ್ಬರೂ ಒಪ್ಪಿದ ಒಂದು ಮಾತು ಸಾಕು. ಸಾವಿನ ಮನೆಗೆ, ರೋಗಿಯ ಹಾಸಿಗೆಯ ಬಳಿಗೆ, ನೆಲೆ ತಪ್ಪಿದವರ ತಾಡಪತ್ರಿಯ ಕೆಳಗೆ ಹೋಗುವಾಗ ಉಪದೇಶ ಒಯ್ಯಬೇಡಿ. ಗಂಜಿ ಒಯ್ಯಿರಿ, ಕೂತು ಕೇಳಿ. ಅವರು ಹಾಡಿದರೆ ದನಿಗೂಡಿಸಿ. ಬೈದರೆ ತಡೆಯಬೇಡಿ.